ಸೇವೆಗೂ ಶಿಕ್ಷಣ ಬೇಕೆಂದ ಡಾಕ್ಟರರು

ಕೌಜಲಗಿಯೆಂದೊಡನೆ ನಮ್ಮ ಸೀಮೆಯ ಜನರಿಗೆ ಮೊದಲು ನೆನಪಾಗುವುದು ಶ್ರೀಕೃಷ್ಣಪಾರಿಜಾತದ ನಿಂಗಮ್ಮ. ಅದು ಯುಕ್ತವೇ ಸರಿ. ಕಲಾವಿದರ ಹೆಸರು ಊರಿನ ಹೆಸರಿನೊಡನೆ ಕೂಡಿಕೊಂಡು ನಾಲ್ಕು ತಲೆಮಾರು ಬಾಳುತ್ತದೆ. ಆದರೆ ಜನರ ಸೇವೆಯಲ್ಲಿ ಆಯುಷ್ಯವನ್ನು ಸವೆಸಿದವರ ಹೆಸರಿಗೆ ಆ ಭಾಗ್ಯ ಅಪರೂಪ. ಕೌಜಲಗಿಯಿಂದ ಗೋಕಾವಿಯ ಮೇಲೆ ಹಾಯ್ದು ಘಟಪ್ರಭೆಗೆ ಹೋದರೆ ಅಲ್ಲಿ ಕರ್ನಾಟಕ ಆರೋಗ್ಯಧಾಮವು ಕಾಣುವುದು. ಅದನ್ನು ೧೯೨೯ರಲ್ಲಿ ಕಟ್ಟಿ ನಿಲ್ಲಿಸಿದ ಡಾ. ಕೊಕಟನೂರರೊಡನೆ ಹೆಗಲು ಕೊಟ್ಟವರಲ್ಲಿ ಡಾ. ವೈದ್ಯರೂ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರೂ ಇದ್ದರು. ಈ ಮೂರನೆಯ ಹೆಸರಿನವರು ಇಡೀ ಹಿಂದುಸ್ಥಾನಕ್ಕೆ ಸ್ವಯಂಸೇವಕನೆಂದರೆ ಹೇಗಿರಬೇಕೆಂಬುದನ್ನು ಕಲಿಸಿದವರು. ನಮ್ಮ ತಾಲೂಕಿನ ತರುಣರಲ್ಲಿ ಎಷ್ಟು ಜನ ಅವರ ಹೆಸರನ್ನು ಬಲ್ಲರೆಂದು ಕೇಳಲು ನಮಗೆ ಸಂಕೋಚವಾಗುತ್ತದೆ.

ಹರ್ಡೀಕರರು ೧೮೮೯ನೆಯ ಇಸವಿಯ ಮೇ ೭ರಂದು ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ ಜನಿಸಿದರು. ಕಲಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಓದಿ, ಅಷ್ಟಕ್ಕೆ ತೃಪ್ತರಾಗದೆ ಕಡಲು ದಾಟಿ ಅಮೇರಿಕೆಗೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಒಬ್ಬ ರೋಗಿಯ ನಾಡಿ ಹಿಡಿದು ಔಷಧ ಕೊಡುವುದು ಒಂದು ವಿದ್ಯೆ; ಊರಿಗೆ ಊರೇ ರೋಗಕ್ಕೆ ತುತ್ತಾಗದಂತೆ ನೀರನ್ನೂ ಬೀದಿಯನ್ನೂ ಶೌಚಸ್ಥಳವನ್ನೂ ಕಾಯುವುದು ಮತ್ತೊಂದು ವಿದ್ಯೆ. ಮೊದಲನೆಯದಕ್ಕೆ ಡಾಕ್ಟರನೊಬ್ಬನಿದ್ದರೆ ಸಾಕು. ಎರಡನೆಯದಕ್ಕೆ ಹೇಳಿದ ಮಾತನ್ನು ಕೇಳಿ, ಹೇಳಿದ ಜಾಗದಲ್ಲಿ ನಿಂತು, ಹೇಳಿದ ಕೆಲಸವನ್ನು ಮುಗಿಸುವ ನೂರಾರು ಸಾಮಾನ್ಯ ಜನರು ಬೇಕು. ಹರ್ಡೀಕರರ ಮುಂದಿನ ಬಾಳನ್ನೆಲ್ಲ ನೋಡಿದವರಿಗೆ, ಅವರು ಸೇವಾದಳವನ್ನು ಕಟ್ಟಿದ್ದರ ಬೇರು ಈ ಎರಡನೆಯ ವಿದ್ಯೆಯಲ್ಲಿಯೇ ಇತ್ತೆಂದು ತೋರದೆ ಇರದು. ಕನಿಷ್ಠಪಕ್ಷ ನಮ್ಮ ಅಭಿಪ್ರಾಯ ಹಾಗಿದೆ.

ಅಮೇರಿಕೆಯಲ್ಲಿದ್ದಾಗಲೇ ಅವರು ಲಾಲಾ ಲಜಪತರಾಯರ ಬಲಗೈಯಾದರು. ೧೯೧೭ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇಂಡಿಯಾ ಹೋಮ್‌ರೂಲ್ ಲೀಗಿನ ಕೆಲಸವನ್ನು ಹೊತ್ತು, ಆ ಪರದೇಶದ ಜನರಿಗೆ ನಮ್ಮ ದೇಶದ ಬವಣೆಯನ್ನು ತಿಳಿಯಹೇಳುತ್ತ ತಿರುಗಿದರು. ೧೯೨೧ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರ ಮುಂದೆ ಎರಡು ದಾರಿಗಳಿದ್ದವು. ಪರದೇಶದ ಪದವಿಯುಳ್ಳ ಡಾಕ್ಟರರು ಆಗಿನ ಕಾಲದಲ್ಲಿ ಬೆರಳೆಣಿಕೆಯಷ್ಟು. ಯಾವ ಪಟ್ಟಣದಲ್ಲಿ ಬೋರ್ಡು ಹಾಕಿದ್ದರೂ ಹಣ ಹರಿದುಬರುತ್ತಿತ್ತು. ಅವರು ಹುಬ್ಬಳ್ಳಿಯಲ್ಲಿ ನೆಲೆಸಿ ಖಾದಿಯುಟ್ಟು ತರುಣರನ್ನು ಕೂಡಿಸಲು ಹೊರಟರು.

ಆ ಕೆಲಸದ ಅಗತ್ಯವೇನೆಂಬುದು ೧೯೨೩ರಲ್ಲಿ ಎಲ್ಲರಿಗೂ ಕಾಣಿಸಿತು. ಆ ವರ್ಷ ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೆಯಿತು. ರಾಷ್ಟ್ರಧ್ವಜವನ್ನು ಹಿಡಿದು ಬೀದಿಯಲ್ಲಿ ನಡೆಯುವುದೇ ಅಪರಾಧವೆನಿಸಿದ್ದ ಕಾಲವದು. ದೇಶದ ನಾನಾ ಭಾಗಗಳಿಂದ ಜನರು ಹೋಗಿ ಸೆರೆಯಾದರು. ಉತ್ಸಾಹಕ್ಕೆ ಯಾರಲ್ಲಿಯೂ ಕೊರತೆಯಿರಲಿಲ್ಲ. ಆದರೆ ಸೆರೆಮನೆಯೊಳಗಿನ ದಿನಗಳನ್ನು ಉತ್ಸಾಹವೊಂದರಿಂದಲೇ ನೂಕಲಾಗುವುದಿಲ್ಲ. ಬಿಡಿಬಿಡಿಯಾಗಿ ಹೋಗಿದ್ದವರಲ್ಲಿ ಹಲವರು ಅಲ್ಲಿನ ಹಿಂಸೆಯನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರೊಡನೆ ಹೋಗಿದ್ದ ಕರ್ನಾಟಕದ ತಂಡದವರು ಬರೆದುಕೊಡಲಿಲ್ಲ. ಕ್ಷಮಾಪಣೆ ಬರೆದವರನ್ನು ಹೇಡಿಗಳೆಂದು ನಾವು ಜರೆಯಲಾರೆವು. ಅವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ನಮ್ಮವರು ಒಬ್ಬರಿಗೊಬ್ಬರು ಆತುಕೊಂಡು ನಿಲ್ಲುವುದನ್ನು ಮೊದಲೇ ಕಲಿತಿದ್ದರು.

ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡಿನ ಕಾಂಗ್ರೆಸ್ಸಿನ ಸಮಯದಲ್ಲಿ ಹಿಂದುಸ್ಥಾನಿ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂ ಮೊದಲ ಅಧ್ಯಕ್ಷರಾದರು. ನಿಜವಾದ ಭಾರ ಹುಬ್ಬಳ್ಳಿಯ ಡಾಕ್ಟರರ ಮೇಲೆ ಬಿತ್ತು. ಇಷ್ಟು ಒಳ್ಳೆಯ ಕಾರ್ಯಕ್ಕೆ ಎಲ್ಲರೂ ಬೆನ್ನು ತಟ್ಟಿದರೆಂದು ವಾಚಕರು ತಿಳಿದಿದ್ದರೆ ಅದು ತಪ್ಪು. ವಿರೋಧವು ಸರಕಾರಕ್ಕಿಂತ ಮೊದಲು ಮನೆಯೊಳಗಿನಿಂದಲೇ ಬಂದಿತು. ಸಾಲು ಹಿಡಿದು ನಡೆಯುವುದು, ಹೆಜ್ಜೆಗೆ ಹೆಜ್ಜೆ ಕೂಡಿಸುವುದು, ನಾಯಕನ ಅಪ್ಪಣೆಗೆ ಒಮ್ಮೆಲೆ ತಿರುಗುವುದು, ಇವೆಲ್ಲ ದಂಡಿನ ಲಕ್ಷಣಗಳು, ಅಹಿಂಸೆಯ ಸಂಸ್ಥೆಯಲ್ಲಿ ಇವಕ್ಕೇನು ಕೆಲಸವೆಂದು ದೊಡ್ಡ ದೊಡ್ಡ ಮುಖಂಡರೇ ಹುಬ್ಬು ಗಂಟಿಕ್ಕಿದರು. ಸ್ವಯಂಸೇವಕನಿಗೆ ಅಪ್ಪಣೆ ಪಾಲಿಸುವುದು ತಿಳಿದರೆ ಸಾಕು, ಹೆಜ್ಜೆ ಕೂಡಿಸುವುದೇಕೆಂದು ಕೇಳಿದವರೂ ಉಂಟು. ನೆಹರೂ ಅವರು ತಮ್ಮ ಆತ್ಮಕಥೆಯಲ್ಲಿ ಈ ವಿರೋಧವನ್ನು ಆಶ್ಚರ್ಯದಿಂದ ನೆನೆದಿದ್ದಾರೆ. ತರಬೇತಾದ ಸ್ವಯಂಸೇವಕನು ಹೆಚ್ಚು ಸಮರ್ಥನಷ್ಟೇ ಅಲ್ಲ, ಹೆಚ್ಚು ಅಹಿಂಸಾಪರನೂ ಆಗಿರುವನೆಂಬುದನ್ನು ಹರ್ಡೀಕರರು ವರ್ಷಗಟ್ಟಲೆ ತಾಳ್ಮೆಯಿಂದ ದುಡಿದು ತೋರಿಸಿಕೊಟ್ಟರೆಂದೂ ಒಪ್ಪಿಕೊಂಡಿದ್ದಾರೆ.

ಈ ಮಾತಿನ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಜನಸಂದಣಿಯಲ್ಲಿ ಕೈ ಎತ್ತುವವನು ಸಾಮಾನ್ಯವಾಗಿ ಕ್ರೂರಿಯಾಗಿರುವುದಿಲ್ಲ, ಹೆದರಿದವನಾಗಿರುತ್ತಾನೆ. ಹಿಂದಿನಿಂದ ನೂಕು ಬಂದಾಗ ಏನು ಮಾಡಬೇಕೆಂದು ತಿಳಿಯದೆ ಅವನು ಎದುರಿನವನನ್ನು ನೂಕುತ್ತಾನೆ. ಎಡಕ್ಕೂ ಬಲಕ್ಕೂ ತನ್ನವರು ನಿಂತಿರುವರೆಂಬ ಭರವಸೆಯುಳ್ಳವನಿಗೆ ಕೈ ಎತ್ತುವ ಅವಶ್ಯಕತೆಯೇ ಬರುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ತೇರು ಎಳೆಯುವಾಗ ಹಗ್ಗದ ಬಳಿ ನಿಲ್ಲುವ ಅನುಭವಿಗಳಾದ ಹಿರಿಯರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹಿರಿಯರು ಕೂಗುವುದಿಲ್ಲ, ಬಯ್ಯುವುದಿಲ್ಲ. ಆದರೂ ಜನ ಹಿಂದಕ್ಕೆ ಸರಿಯುತ್ತಾರೆ. ಮೃದುಸ್ವಭಾವದವನು ಶಿಸ್ತನ್ನು ಕಲಿಸಲಾರನು, ಶಿಸ್ತಿನವನು ಮೃದುವಾಗಿರಲಾರನು ಎಂಬ ನಮ್ಮ ಜನರ ರೂಢಿಯ ಎಣಿಕೆಗೆ ಹರ್ಡೀಕರರು ಹೊಂದುವುದಿಲ್ಲ.

ಮರುವರ್ಷ ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಬಂದಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಅದರ ಸಂಭ್ರಮವನ್ನೆಲ್ಲ ಹೊತ್ತರು. ಅದರ ಕಥೆ ಕನ್ನಡಿಗರಿಗೆಲ್ಲ ಗೊತ್ತಿದೆ. ಗೊತ್ತಿಲ್ಲದ್ದು ಅದರ ಹಿಂದಿನ ದುಡಿತ. ಬಯಲಿನಲ್ಲಿ ವಿಜಯನಗರವೆಂಬ ಹೆಸರಿನಲ್ಲಿ ಒಂದು ಊರನ್ನೇ ಎಬ್ಬಿಸಿ, ನೀರಿಗಾಗಿ ಪಂಪಾಸರೋವರವೆಂಬ ಬಾವಿಯನ್ನು ತೋಡಿ, ಸಾವಿರಾರು ಜನರನ್ನು ಕೆಲವು ದಿನ ಇರಿಸಿಕೊಳ್ಳುವುದೆಂದರೆ ಅದು ಭಾಷಣದಿಂದಾಗುವ ಕೆಲಸವಲ್ಲ. ವಾಂತಿಭೇದಿಯ ಒಂದು ಪ್ರಕರಣವಾದರೂ ಹಬ್ಬಿದ್ದರೆ ಆ ಅಧಿವೇಶನದ ನೆನಪು ಬೇರೆಯಾಗುತ್ತಿತ್ತು. ಸ್ವಯಂಸೇವಕರ ಹೊಣೆಯನ್ನು ಹೊತ್ತ ಹರ್ಡೀಕರರು ಸಾರ್ವಜನಿಕ ಆರೋಗ್ಯವನ್ನು ಕಲಿತ ಡಾಕ್ಟರರಾಗಿದ್ದುದು ಆಗ ನಾಡಿನ ಪುಣ್ಯವೆಂದೇ ನಾವು ಎಣಿಸುತ್ತೇವೆ.

ಅವರ ಅಂತಃಕರಣದ ಗುರುತು ಕಾಣುವುದು ಅಲ್ಲಿಯ ಇನ್ನೊಂದು ಸಂಗತಿಯಲ್ಲಿ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಿಗೆ ೧೯೨೩ರಲ್ಲಿ ವೈಧವ್ಯ ಪ್ರಾಪ್ತವಾಯಿತು. ಆಗಿನ ಮರ್ಯಾದಸ್ಥರ ಮನೆಗಳಲ್ಲಿ ಅಂಥ ಹೆಣ್ಣುಮಗಳಿಗೆ ಉಳಿಯುತ್ತಿದ್ದುದು ಒಳಮನೆಯ ಕತ್ತಲೆಯೊಂದೇ. ಅವರ ಮಾವ ಆನಂದರಾಯರು ಹಾಗಾಗಗೊಡಲಿಲ್ಲ. ಹರ್ಡೀಕರರು ಅವರನ್ನು ಸೇವಾದಳದ ಮಹಿಳಾವಿಭಾಗಕ್ಕೆ ಕರೆತಂದರು. ಉಮಾಬಾಯಿಯವರು ಊರೂರು ಸುತ್ತಿ ನೂರೈವತ್ತಕ್ಕೂ ಮಿಕ್ಕಿ ಮಹಿಳೆಯರನ್ನು ಬೆಳಗಾವಿಯ ಅಧಿವೇಶನಕ್ಕೆ ಕರೆದೊಯ್ದರು. ಅವರಲ್ಲಿ ವಿಧವೆಯರೂ ಇದ್ದರು. ಮಂಗಳಕಾರ್ಯಕ್ಕೆ ಎದುರು ಬರಬಾರದೆಂದು ದೂರವಿಟ್ಟಿದ್ದ ಹೆಣ್ಣುಮಕ್ಕಳು ರಾಷ್ಟ್ರದ ದೊಡ್ಡ ಸಮಾರಂಭಕ್ಕೆ ಬಂದ ಅತಿಥಿಗಳಿಗೆ ದಾರಿ ತೋರಿಸಿ, ನೀರು ಕೊಟ್ಟು, ನಡುವೆ ನಿಂತು ದುಡಿದರೆಂದರೆ ಅದರ ಅರ್ಥವನ್ನು ಆಗಿನ ಕಾಲದವರೇ ಬಲ್ಲರು. ಹತ್ತು ವರ್ಷಗಳ ನಂತರ, ೧೯೩೪ರಲ್ಲಿ, ಬಿಹಾರದಲ್ಲಿ ಭೂಕಂಪವಾದಾಗ ಇದೇ ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ನಡುವೆ ದುಡಿದರು. ಬೆಳಗಾವಿಯಲ್ಲಿ ಕಲಿತದ್ದು ಬಿಹಾರದಲ್ಲಿ ಉಪಯೋಗಕ್ಕೆ ಬಂದಿತು.

ಪರಕೀಯ ಸರಕಾರಕ್ಕೆ ಈ ದಳದ ಬೆಲೆ ನಮ್ಮವರಿಗಿಂತ ಚೆನ್ನಾಗಿ ತಿಳಿದಿತ್ತೆನ್ನಬೇಕು. ೧೯೩೧ರಲ್ಲಿ ಕಾಂಗ್ರೆಸ್ಸು ಸೇವಾದಳವನ್ನು ತನ್ನ ಅಂಗವಾಗಿ ಸ್ವೀಕರಿಸಿತು. ೧೯೩೨ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ೧೯೩೪ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೊಲಗಿದಾಗಲೂ ಸೇವಾದಳದ ಮೇಲಿನದು ತೊಲಗಲಿಲ್ಲ. ಠರಾವು ಪಾಸು ಮಾಡುವವರನ್ನು ಬಿಡಬಹುದು, ಸಾಲು ಹಿಡಿದು ನಿಲ್ಲಬಲ್ಲವರನ್ನು ಬಿಡಲಾಗದೆಂದು ಆ ಸರಕಾರವು ಬಗೆದಿರಬೇಕು. ಹರ್ಡೀಕರರು ಮತ್ತೆ ಮತ್ತೆ ಸೆರೆಮನೆಯನ್ನು ಕಂಡರು.

ಸ್ವಾತಂತ್ರ್ಯ ಬಂದಿತು. ಸೆರೆಮನೆಯ ದಿನಗಳನ್ನು ಎಣಿಸಿ ಅಧಿಕಾರವನ್ನು ಪಡೆದವರು ಬಹಳ ಜನ. ಡಾಕ್ಟರರು ೧೯೫೨ರಿಂದ ೧೯೬೨ರ ವರೆಗೆ ರಾಜ್ಯಸಭೆಯಲ್ಲಿ ಕುಳಿತರು. ೧೯೫೮ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಮಂತ್ರಿಪದವಿಯನ್ನು ಅವರು ಏರಲಿಲ್ಲ. ಅವರ ನಂಟು ಉಳಿದದ್ದು ಘಟಪ್ರಭೆಯ ಆರೋಗ್ಯಧಾಮದೊಡನೆ ಮತ್ತು ಮಕ್ಕಳೊಡನೆ. ಪಕ್ಷದ ಗೊಡವೆಯಿಲ್ಲದೆ ಶಾಲೆಯ ಮಕ್ಕಳಲ್ಲಿ ಕೆಲಸ ಮಾಡುವ ಭಾರತ ಸೇವಾದಳವು ಅವರು ಹಾಕಿದ ಗಿಡ. ಇಂದಿಗೂ ಕರ್ನಾಟಕದ ಶಾಲೆಗಳಲ್ಲಿ ಧ್ವಜವನ್ನು ಮಡಿಸುವ, ಕಟ್ಟುವ, ಏರಿಸುವ, ಇಳಿಸುವ ಕ್ರಮವನ್ನು ಶಿಕ್ಷಕರು ಸೇವಾದಳದ ಶಿಬಿರಗಳಲ್ಲಿಯೇ ಕಲಿಯುತ್ತಾರೆ. ಡಾಕ್ಟರರು ೧೯೭೫ರ ಆಗಸ್ಟ ೨೬ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ತುಂಬಿದ ೧೯೮೯ರಲ್ಲಿ ಅಂಚೆ ಇಲಾಖೆಯು ಅವರ ಚಿತ್ರದ ಚೀಟಿಯನ್ನು ಹೊರಡಿಸಿತು.

ಅವರು ಎಂಥ ಆಸ್ತಿಕರಾಗಿದ್ದರೆಂಬುದನ್ನು ನಾವು ಇಲ್ಲಿ ಚರ್ಚಿಸಹೊರಟಿಲ್ಲ. ತನ್ನವರೇ ಸಂಶಯದಿಂದ ನೋಡಿದ, ಸರಕಾರ ಮುಚ್ಚಿಹಾಕಿದ, ಮುಂದೆ ಲಾಭವಿಲ್ಲದ ಒಂದೇ ಕೆಲಸವನ್ನು ಐವತ್ತು ವರ್ಷ ಕೈಬಿಡದೆ ಮಾಡುವವನ ನಿಷ್ಠೆಯನ್ನು ನಮ್ಮ ಶರಣರ ನಾಡಿನಲ್ಲಿ ಕಾಯಕವೆಂದು ಕರೆಯುವ ರೂಢಿಯಿದೆ, ಅಷ್ಟು ಸಾಕು.

ಈ ಲೇಖನವನ್ನು ಬರೆಯಲು ಕಾರಣವೊಂದುಂಟು. ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ಬಂದುದನ್ನು ಗೋಕಾವಿಯವರು ಮರೆತಿರಲಾರರು. ಲೋಳಸೂರ ಸೇತುವೆ ಮುಳುಗಿತು, ತಗ್ಗಿನ ಕೇರಿಗಳಲ್ಲಿ ನೀರು ನಿಂತಿತು. ಆಗ ರೊಟ್ಟಿ ಕಟ್ಟಿ ಕಳಿಸಿದವರ, ಹಾಸಿಗೆ ಹೊದಿಕೆ ಕೊಟ್ಟವರ, ನೀರಿಗಿಳಿದವರ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಮನಸ್ಸಿಗೆ ನಮ್ಮಲ್ಲಿ ಎಂದೂ ಬಡತನವಿಲ್ಲ. ಆದರೆ ಹಗ್ಗಕ್ಕೆ ಯಾವ ಗಂಟು ಹಾಕಬೇಕು, ನೀರು ಕುಡಿದವನನ್ನು ಹೇಗೆ ಮಲಗಿಸಬೇಕು, ನೂರು ಜನ ಇಳಿದುಕೊಂಡ ಶಾಲೆಯಲ್ಲಿ ಕುಡಿಯುವ ನೀರು ಕೆಡದಂತೆ ಏನು ಮಾಡಬೇಕು, ಇವನ್ನು ಬಲ್ಲ ತರುಣರು ಪ್ರತಿ ಊರಿನಲ್ಲಿ ಹತ್ತು ಜನರಾದರೂ ಇರಬೇಡವೇ? ಹೊಳೆ ಇನ್ನೊಮ್ಮೆ ಬರುವಾಗ ನಮ್ಮನ್ನು ಕೇಳಿ ಬರುವುದಿಲ್ಲ.

ಮೇ ೭ ಬೇಸಿಗೆಯ ರಜೆಯಲ್ಲಿ ಬರುತ್ತದೆ. ಆ ದಿನ ಮಕ್ಕಳು ಶಾಲೆಯಲ್ಲಿರುವುದಿಲ್ಲ. ಆಗಸ್ಟ ೨೬ ಹಾಗಲ್ಲ. ಅದು ಶಾಲೆ ನಡೆಯುವ ಕಾಲ, ಮಳೆಗಾಲವೂ ಹೌದು, ಹೊಳೆ ತುಂಬಿರುವ ಕಾಲವೂ ಹೌದು. ಕೌಜಲಗಿ, ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಶಾಲೆಗಳಲ್ಲಿ ಸೇವಾದಳದ ಶಿಕ್ಷಣ ಪಡೆದ ಗುರುಗಳು ಆ ದಿನ ಭಾಷಣವನ್ನು ಬಿಟ್ಟು, ದೊಡ್ಡ ಮಕ್ಕಳಿಗೆ ಪ್ರಥಮ ಚಿಕಿತ್ಸೆಯ ಒಂದು ಪಾಠವನ್ನೂ ಹಗ್ಗದ ಎರಡು ಗಂಟುಗಳನ್ನೂ ಕಲಿಸಬೇಕೆಂದು ನಾವು ಸೂಚಿಸುತ್ತೇವೆ. ಆರೋಗ್ಯಧಾಮವು ಹತ್ತಿರವೇ ಇದೆ; ಕರೆದರೆ ಡಾಕ್ಟರರೊಬ್ಬರು ಬಂದಾರು. ಇದಕ್ಕೆ ತಗಲುವ ಖರ್ಚು ಒಂದು ಹಗ್ಗ, ಒಂದಿಷ್ಟು ಪಟ್ಟಿ ಬಟ್ಟೆ. ಶಿಕ್ಷಣ ಖಾತೆಯ ಅಧಿಕಾರಿಗಳು ಮನಸ್ಸು ಮಾಡಿದರೆ ಈ ವರ್ಷವೇ ಆರಂಭಿಸಬಹುದು.