ಕಲ್ಲಿನೊಳಗಿನ ಅಸಲು

ಜಯನಗರದ ನೆರೆಯ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಪಡೆದ ಈ ನೈಸ್ ಶಿಲೆಯನ್ನು ಎಷ್ಟು ಆಳಕ್ಕೆ ಕೊರೆದರೂ ಹನಿ ತೈಲವಾಗಲಿ, ಹಿಡಿ ಕಲ್ಲಿದ್ದಲಾಗಲಿ ದೊರೆಯದು. ಇದು ಭೂಗರ್ಭದ ಉಗ್ರ ಶಾಖ ಮತ್ತು ಒತ್ತಡಗಳಲ್ಲಿ ರೂಪುಗೊಂಡ ಕಲ್ಲು. ಇಂಧನದ ತವರು ಬೇರೆ: ಕೆಸರು, ಮರಳು ಪದರಪದರವಾಗಿ ಶೇಖರಗೊಂಡು ಗಟ್ಟಿಯಾದ ಜಲಜ ಶಿಲೆಗಳು.

ಸತ್ತ ಸಸ್ಯ, ಪಾಚಿ, ಸೂಕ್ಷ್ಮಜೀವಿಗಳ ಬಹುಪಾಲು ಕೊಳೆತು ಗಾಳಿಗೆ ಮರಳುತ್ತದೆ. ಆಮ್ಲಜನಕ ಸುಳಿಯದ ಕೆಸರಿನಲ್ಲಿ ಹೂತ ಅತ್ಯಲ್ಪ ಅಂಶ ಮಾತ್ರ ಉಳಿಯುತ್ತದೆ. ಅದರ ಚೂರುಗಳು ಮತ್ತೆ ಬೆಸೆದುಕೊಂಡು, ಸಾವಯವ ದ್ರಾವಕಗಳಲ್ಲಿಯೂ ಕರಗದ ಜಟಿಲ ವಸ್ತುವಾಗುತ್ತವೆ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಕ್ರಮ್ ಬ್ರೌನ್ 1906ರಲ್ಲಿ ಇದಕ್ಕೆ ಕೆರೋಜೆನ್ ಎಂದು ಹೆಸರಿಟ್ಟರು.

ಇದರ ಗುಣ ಮೂಲವನ್ನು ಅವಲಂಬಿಸಿದೆ. ಪಾಚಿಯಿಂದ ಬಂದುದರಲ್ಲಿ ಜಲಜನಕ ಸಮೃದ್ಧವಾದ ಉದ್ದನೆಯ ಸರಪಳಿಗಳಿದ್ದು, ಅದು ತೈಲ ನೀಡುತ್ತದೆ. ಮರದಿಂದ ಬಂದುದರಲ್ಲಿ ಇಂಗಾಲದ ಉಂಗುರಗಳೇ ಹೆಚ್ಚು. ಅದು ಕಲ್ಲಿದ್ದಲು ಮತ್ತು ಅನಿಲದ ದಾರಿ ಹಿಡಿಯುತ್ತದೆ. ಶಿಲೆ ಕೆಲವು ಕಿಲೋಮೀಟರ್ ಆಳಕ್ಕಿಳಿದು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಲಕ್ಷಾಂತರ ವರ್ಷ ಬೆಂದಾಗ ಸರಪಳಿಗಳು ಕಡಿದು ತೈಲ ಹೊರಬರುತ್ತದೆ. ಕಾವು ಮೀರಿದರೆ ಉಳಿಯುವುದು ಅನಿಲ ಮತ್ತು ಗ್ರಾಫೈಟಿನತ್ತ ಸಾಗುವ ಇಂಗಾಲ.

ಈ ನಿಧಿಯಿಲ್ಲದ ನಾಡು ತೆತ್ತ ಬೆಲೆಗೆ ನಮ್ಮ ಚರಿತ್ರೆಯೇ ಸಾಕ್ಷಿ. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ ಪಡೆದು ಕೋಲಾರದ ಚಿನ್ನದ ಗಣಿಗೆ ಹರಿಸಿತು. ಆದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಮಲೆನಾಡಿನ ಮರಗಳ ಇದ್ದಿಲು ಸುರಿಯಬೇಕಾಯಿತು. ಹೂತುಹೋದ ಕಾಡು ಇಲ್ಲದೆಡೆ ಜೀವಂತ ಕಾಡೇ ಉರಿಯಿತು. 1985ರಲ್ಲಿ ಕಾರ್ಯಾರಂಭ ಮಾಡಿದ ರಾಯಚೂರು ಶಾಖೋತ್ಪನ್ನ ಸ್ಥಾವರವೂ ಸಿಂಗರೇಣಿ ಮೊದಲಾದ ಹೊರರಾಜ್ಯದ ಗಣಿಗಳನ್ನೇ ನೆಚ್ಚಿದೆ. ಸಿಂಗರೇಣಿಯ ಕಲ್ಲಿದ್ದಲು 25 ಕೋಟಿ ವರ್ಷಗಳಿಗೂ ಹಿಂದಿನ ಜೌಗುಕಾಡಿನದು.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಾವು ಉರಿಸುವ ಪೆಟ್ರೋಲಿನ ದರದಲ್ಲಿ ಕಚ್ಚಾತೈಲ, ಶುದ್ಧೀಕರಣ, ಸಾಗಣೆ, ತೆರಿಗೆ ಎಲ್ಲವೂ ಸೇರಿವೆ. ಪ್ರಕೃತಿ ವ್ಯಯಿಸಿದ ಕಾಲ ಮಾತ್ರ ಸೇರಿಲ್ಲ. ಮುಗಿದುಹೋಗುವ ಸಂಪತ್ತನ್ನು ಆದಾಯವೆಂದಲ್ಲ, ಬಂಡವಾಳವೆಂದು ಎಣಿಸಬೇಕೆನ್ನುವುದು ಅರ್ಥಶಾಸ್ತ್ರದ ಹಳೆಯ ವಿವೇಕ. ಅಸಲು ಕರಗಿಸುವವನು ಬದಲಿ ಆಸ್ತಿಯನ್ನಾದರೂ ಕಟ್ಟಬೇಕು. ಅದರ ಮೇಲೆ, ಯುಗಯುಗಗಳಲ್ಲಿ ನೆಲ ಸೇರಿದ ಇಂಗಾಲವನ್ನು ನಾವು ಎರಡು ಮೂರು ಶತಮಾನಗಳಲ್ಲೇ ಗಾಳಿಗೆ ಹಿಂದಿರುಗಿಸುತ್ತಿದ್ದೇವೆ. ಆ ಋಣದ ಹೊರೆ ಮುಂದಿನವರ ಹೆಗಲಿಗೆ.

ಸರ್ಕಾರಗಳಿಗೆ ಇಂಧನ ತೆರಿಗೆ ಸುಲಭದ ವರಮಾನ. ಅದರ ನಿಶ್ಚಿತ ಪಾಲನ್ನು ಬಸ್ಸು, ಮೆಟ್ರೊ, ಸೌರವಿದ್ಯುತ್ತಿಗೆ ಶಾಸನಬದ್ಧವಾಗಿ ಮೀಸಲಿಡುವುದು ಔದಾರ್ಯವಲ್ಲ, ಲೆಕ್ಕ ಚುಕ್ತಾ ಮಾಡುವ ಕನಿಷ್ಠ ಕ್ರಮ.