ಗೇರ್ಷೋಮನ ಹೆಸರೂ ರೋಹಿಂಗ್ಯರ ನೆಲೆಯೂ

ಮಿದ್ಯಾನಿನಲ್ಲಿ ಮೋಶೆಗೆ ಹೆಂಡತಿಯಿದ್ದಳು, ಮಾವನ ಮನೆಯಿತ್ತು, ಮೇಯಿಸಲು ಮಂದೆಯಿತ್ತು. ಆದರೂ ಅವನು ಮಗನಿಗೆ ಗೇರ್ಷೋಮ್ ಎಂದು ಹೆಸರಿಟ್ಟನು (ವಿಮೋಚನಕಾಂಡ 2:22). ಹೀಬ್ರು ಭಾಷೆಯ 'ಗೇರ್' ಎಂದರೆ ಅನ್ಯರ ನಾಡಿನಲ್ಲಿ ವಾಸಿಸುವ ಪರದೇಶಿ. ನೆಲೆ ದೊರೆತೊಡನೆ ಪರದೇಶಿತನ ಮುಗಿಯದೆಂಬುದನ್ನು ಈ ಹೆಸರು ತಿಳಿಸುತ್ತದೆ. ರೋಹಿಂಗ್ಯರ ಪುನರ್ವಸತಿಯನ್ನು ಇಲ್ಲಿಂದಲೇ ನೋಡಬೇಕು.

ಬರ್ಮಾದ 1982ರ ಪೌರತ್ವ ಕಾನೂನು ರೋಹಿಂಗ್ಯರನ್ನು ಬಹುತೇಕ ರಾಷ್ಟ್ರವಿಲ್ಲದವರನ್ನಾಗಿ ಮಾಡಿತು. 2017ರ ಆಗಸ್ಟ್ ತಿಂಗಳ ಸೇನಾ ಕಾರ್ಯಾಚರಣೆಯ ತರುವಾಯ 7 ಲಕ್ಷಕ್ಕೂ ಮಿಕ್ಕ ಜನರು ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದರು. ಮ್ಯಾನ್ಮಾರ್ ಸರ್ಕಾರ ಅವರನ್ನು 'ಬಂಗಾಳಿಗಳು' ಎನ್ನುತ್ತದೆಯೇ ಹೊರತು ಅವರು ಹೇಳಿಕೊಳ್ಳುವ ಹೆಸರನ್ನು ಒಪ್ಪದು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಗೆ ಹೋದ ಪೋಪ್ ಫ್ರಾನ್ಸಿಸರೂ ಬಹಿರಂಗ ಭಾಷಣಗಳಲ್ಲಿ ಆ ಹೆಸರನ್ನು ಉಚ್ಚರಿಸಲಿಲ್ಲ. ಯಾಂಗೊನಿನ ಕಾರ್ಡಿನಲ್ ಚಾರ್ಲ್ಸ್ ಬೋ ಅವರ ಸಲಹೆ ಹಾಗಿತ್ತು. ಅಲ್ಪಸಂಖ್ಯಾತ ಸಭೆಯೊಂದರ ಭಯವನ್ನು ದೂರದಲ್ಲಿರುವ ನಾವು ಹಗುರವಾಗಿ ತೂಗಬಾರದು. ಡಿಸೆಂಬರ್ 1ರಂದು ಢಾಕಾದಲ್ಲಿ ನಿರಾಶ್ರಿತರ ಕೈಹಿಡಿದಾಗಲಾದರೋ, ದೇವರ ಸಾನ್ನಿಧ್ಯಕ್ಕೆ ಇಂದು ರೋಹಿಂಗ್ಯ ಎಂಬ ಹೆಸರೂ ಉಂಟೆಂದು ಅವರು ನುಡಿದರು.

ಮೂರನೆಯ ದೇಶವನ್ನು ಮುಟ್ಟಿದವರು ಕೆಲವರೇ. ಅಮೆರಿಕದಲ್ಲಿ ಅವರ ದೊಡ್ಡ ಸಮುದಾಯವೊಂದು ಮಿಲ್ವಾಕಿ ನಗರದಲ್ಲಿದೆ. ಅಲ್ಲಿಯೂ ತೊಡಕು ಹೆಸರಿನಿಂದಲೇ ಮೊದಲಾಗುತ್ತದೆ. ಒಂದೇ ಪದದ ಹೆಸರುಳ್ಳವರ ದಾಖಲೆಯಲ್ಲಿ ಅದು ಕುಲನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಮೊದಲ ಹೆಸರು ತಿಳಿಯದು' ಎಂಬ ಅಕ್ಷರಗಳು ಬೀಳುತ್ತವೆ. ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲರಿಗೆ ಜನವರಿ 1. ಬಂದಿಳಿದವರಿಗೆ ಆರಂಭದ ನೆರವು 90 ದಿನಗಳದಾಗಿತ್ತು. ವಿಮಾನದ ವೆಚ್ಚವೋ ತೀರಿಸಬೇಕಾದ ಸಾಲ. ಭಾಷೆಯ ಕಷ್ಟ ಇನ್ನೂ ಆಳವಾದದ್ದು. ಹನೀಫಿ ಲಿಪಿ ರೂಪುಗೊಂಡದ್ದು 1980ರ ದಶಕದಲ್ಲಿ. ಹಿರಿಯರಲ್ಲಿ ಅನೇಕರು ಯಾವ ಲಿಪಿಯನ್ನೂ ಕಲಿತವರಲ್ಲ. ಆದ್ದರಿಂದ ಅನುವಾದಿಸಿದ ಕಾಗದದಿಂದ ಅವರಿಗೆ ಪ್ರಯೋಜನವಿಲ್ಲ, ಬರ್ಮೀಸ್ ದುಭಾಷಿಯ ಮಾತೂ ಹಲವರಿಗೆ ತಿಳಿಯದು. ಶಾಲೆಯ ಮೆಟ್ಟಿಲನ್ನೇ ಏರಲಾಗದ ತಾಯಿಯೊಬ್ಬಳು, ಐದು ವರ್ಷಗಳ ತರುವಾಯ, ಜೀವನದಲ್ಲಿ ಮೊದಲ ಬಾರಿಗೆ ಪೌರಳಾಗಲು ಸಾಮಾನ್ಯವಾಗಿ ಇಂಗ್ಲಿಷ್ ಪರೀಕ್ಷೆಯನ್ನು ಎದುರಿಸಬೇಕು.

ಇಂಥವರ ನೆರವಿಗೆ ನಿಲ್ಲುವ ಸಭೆಗಳಿಗೆ ಒಂದು ಶೋಧನೆಯುಂಟು: ಉಪಕಾರವನ್ನು ಮತಾಂತರದ ಬೆಲೆಯಾಗಿಸುವುದು. ಧರ್ಮಶಾಸ್ತ್ರ ಈ ಎರಡನ್ನು ಬೆರೆಸುವುದಿಲ್ಲ. ಪರದೇಶಿಯು ಪಸ್ಕವನ್ನು ಆಚರಿಸಬೇಕಾದರೆ ಸುನ್ನತಿ ಬೇಕು (ವಿಮೋಚನಕಾಂಡ 12:48). ಹೊಲದಲ್ಲಿ ಹಕ್ಕಲಾಯುವುದಕ್ಕೆ ಅಂಥ ಷರತ್ತನ್ನು ಯಾಜಕಕಾಂಡ 19 ಹೇಳಿಲ್ಲ. ಅವನು ಬಡವನ ಜೊತೆಯಲ್ಲೇ ಅಲ್ಲಿ ನಿಂತಿದ್ದಾನೆ.