ದುರ್ಗದ ಹಾವಿಗೆ ಒಲವಿನ ಪುಂಗಿ!

ಸಿರಿಗೆರೆ ಕಡೆಯ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದಿಳಿದವರನ್ನು ಕೇಳಿ ನೋಡಿ: ‘ಈ ಕೋಟೆ ಯಾರದು?’ ಮದಕರಿನಾಯಕ ಅಂತಾರೆ, ಓಬವ್ವ ಅಂತಾರೆ. ಮೂರನೇ ಹೆಸರು? ರಾಮಾಚಾರಿ! ಹುಟ್ಟಿಯೇ ಇರದ ಹುಡುಗನಿಗೆ ದುರ್ಗದ ಬಂಡೆಗಳ ಮೇಲೆ ಇಷ್ಟು ಹಕ್ಕು ಬಂದದ್ದು ಹೇಗೆ ಅಂತೀರಾ?

1972ರ ಡಿಸೆಂಬರ್ 29ರಂದು ‘ನಾಗರಹಾವು’ ತೆರೆಗೆ ಬಂತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರಕ್ಕೆ ಇಳಿಸಿದ್ದರು. ರಾಮಾಚಾರಿಯಾದವರು ವಿಷ್ಣುವರ್ಧನ್. ಮನೆಯಲ್ಲಿ ನಿಲ್ಲದ, ಯಾರ ಮಾತೂ ಕೇಳದ, ಕೋಟೆ ಕೊತ್ತಲ ಸುತ್ತುವ ಪೋಲಿ. ಕಾಪಿ ಹೊಡೆದು ಸಿಕ್ಕಿಬಿದ್ದ ಅವಮಾನಕ್ಕೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿದ ಭೂಪ!

ಇಂಥವನ ಎದುರಿಗೆ ಅಲಮೇಲು. ಅವಳಿಗೆ ಕಾಟ ಕೊಡುತ್ತಿದ್ದ ಜಲೀಲನನ್ನು ಹೊಡೆದೋಡಿಸಿದ ರಾಮಾಚಾರಿ, ಅವಳಿಗೇ ಸೋತ. (ಆ ಜಲೀಲನೇ ನಮ್ಮ ಅಂಬರೀಷ್, ಅವರ ಮೊದಲ ಚಿತ್ರ!) ಇಲ್ಲಿ ಪುಟ್ಟಣ್ಣನವರ ಜಾಣತನ ನೋಡಿ. ಸದಾ ದುಡುಕುವ, ಓಡುವ ಹುಡುಗ, ಆರತಿ ಜೊತೆಗಿನ ಹಾಡಿನಲ್ಲಿ ಸ್ಲೋ ಮೋಷನ್ನಿನಲ್ಲಿ ತೇಲುತ್ತಾನೆ. ಪ್ರೀತಿ ಬಂದದ್ದನ್ನು ಬಾಯಿಬಿಟ್ಟು ಹೇಳಬೇಕಿಲ್ಲ, ಅವನ ಕಾಲೇ ಹೇಳುತ್ತೆ!

ಆದರೆ ಒಲವಿನಿಂದ ಮೆತ್ತಗಾದದ್ದೇ ಅವನಿಗೆ ಮುಳುವಾಯಿತು ಅಂತ ನನಗನಿಸುತ್ತೆ. ಹಳೇ ರಾಮಾಚಾರಿಯಾಗಿದ್ದರೆ ಅವಳನ್ನು ಎತ್ತಿಕೊಂಡೇ ಹೋಗುತ್ತಿದ್ದ. ಈ ಹೊಸ ರಾಮಾಚಾರಿ ಚಾಮಯ್ಯ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತ. ಅಶ್ವಥ್ ಅವರ ಆ ತಣ್ಣನೆಯ ದನಿ... ಜಾತಿ, ಕುಲ, ಮನೆತನದ ಮಾತು. ಹುಡುಗ ಕರಗಿದ, ಅಲಮೇಲುವನ್ನು ಬಿಟ್ಟುಕೊಟ್ಟ. ಅವಳನ್ನು ಕೇಳಿದವರು ಯಾರು? ಯಾರೂ ಇಲ್ಲ!

ಮುಂದೆ ಹೋಟೆಲಿನಲ್ಲಿ ಅವಳು ಸಿಗುತ್ತಾಳೆ. ಕಟ್ಟಿಕೊಂಡ ಗಂಡನೇ ಮೈ ಮಾರುವ ದಂಧೆಗೆ ನೂಕಿದ್ದಾನೆ. ಆ ದೃಶ್ಯದಲ್ಲಿ ವಿಷ್ಣು ಕಣ್ಣು ನೋಡಬೇಕು ಸ್ವಾಮಿ! ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು ಹಿಂದಿಯಲ್ಲಿ ತೆಗೆದರು. ಆ ವಿಷ ಅಲ್ಲಿ ಏರಲೇ ಇಲ್ಲ.

ಹಾಗಾಗಿ ಮಾರ್ಗರೆಟ್ ವಿಷಯಕ್ಕೆ ಮೇಷ್ಟ್ರು ಮತ್ತೆ ಬುದ್ಧಿ ಹೇಳಲು ಬೆಟ್ಟಕ್ಕೆ ಬಂದಾಗ ರಾಮಾಚಾರಿ ಬಗ್ಗಲಿಲ್ಲ. ಒಮ್ಮೆ ಕೇಳಿ ಕೆಟ್ಟಿದ್ದ. ವಾದ ಬಿಸಿಯೇರಿತು, ಕೈ ತಳ್ಳಿತು, ಮೇಷ್ಟ್ರು ಬಂಡೆಯಂಚಿನಿಂದ ಕೆಳಕ್ಕೆ! ಅವನು ದಿಕ್ಕುಗೆಟ್ಟು ನಿಂತ. ಆಮೇಲೆ ಮಾರ್ಗರೆಟ್ ಕೈ ಹಿಡಿದು ಅದೇ ಅಂಚಿಗೆ ನಡೆದ.